ಬೇವಿನ ಬುಡದ ನಿರ್ಮಾಲ್ಯ

ನಿಮ್ಮ ಪೇಟೆಯಂಥದ್ದೇ ಒಂದು ಪೇಟೆ ಅಂದುಕೊಳ್ಳಿ. ಅಲ್ಲೊಬ್ಬ ಬಟ್ಟೆ ಅಂಗಡಿಯ ಸಾಹುಕಾರ. ಭಕ್ತಿಯಲ್ಲಿ ಎಲ್ಲರಿಗಿಂತ ಒಂದು ಕೈ ಮೇಲೆ. ಬೆಳಗ್ಗೆ ಒಂದು ತಾಸು ಪೂಜೆ ಆಗದೆ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಬಹಳ ಸಂತೋಷ. ಆ ಪೂಜೆಗೆ ಹೂವು ಎಲ್ಲಿಂದ? ಓಣಿಯ ಮೂಲೆಯ ಬೇವಿನ ಮರದ ಕೆಳಗೆ ನೀಲವ್ವ ಎಂಬ ಹೂವಾಡಗಿತ್ತಿ ಕೈಗಾಡಿ ಹಚ್ಚುತ್ತಿದ್ದಳು. ಹದಿನೆಂಟು ವರ್ಷದಿಂದ ಅದೇ ಮೂಲೆ, ಅದೇ ಗಾಡಿ. ಗಂಡನಿಲ್ಲದ ಅವಳ ಮನೆ ಆ ಗಾಡಿಯ ಮೇಲೆಯೇ ನಡೆಯುತ್ತಿತ್ತು.

ಆ ಮರದ ಬುಡದಲ್ಲಿ ಕಸ ಬೀಳತೊಡಗಿತು. ದಿನಾ ಬೀಳತೊಡಗಿತು. ಪ್ಲಾಸ್ಟಿಕ್ ಚೀಲ, ನೊಣ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ? ನೀಲವ್ವನ ಮೇಲೆ! ನಗರಸಭೆಗೆ ಅರ್ಜಿ ಕೊಟ್ಟ. ಗಾಡಿ ಎತ್ತಿಕೊಂಡು ಹೋಗಲು ನಗರಸಭೆಯ ಸಾಹೇಬರು ಟ್ರ್ಯಾಕ್ಟರ್ ಸಮೇತ ಬಂದರು.

"ಈಕಿ ದೆಸಿಂದ ಓಣಿ ತಿಪ್ಪಿ ಆಗೇತ್ರಿ. ಇವತ್ತ ಎತ್ತಸ್ರಿ" ಎಂದ ಸಾಹುಕಾರ.

ನೀಲವ್ವ ಗಾಡಿಯನ್ನು ಅವಚಿ ಹಿಡಿದು ನಿಂತಳು. "ಸಾಹೇಬ್ರ, ನಾ ಹೂ ಎಲ್ಯಾಗ ಕಟ್ಟಿ ಕೊಡ್ತೀನ್ರಿ. ಪ್ಲಾಸ್ಟಿಕ್ ನನ್ನ ಹತ್ರ ಇಲ್ಲ. ಆ ಚೀಲ ಒಮ್ಮೆ ಬಿಚ್ಚಿ ನೋಡ್ರಿ, ಆಮ್ಯಾಲ ನನ್ನ ಗಾಡಿ ಮುಟ್ರಿ."

ಬಿಚ್ಚಿದರು. ಬಾಡಿದ ದಾಸವಾಳ, ಬಿಲ್ವಪತ್ರೆ, ಸುಟ್ಟ ಬತ್ತಿ, ಗಾಜು ಒಡೆದ ದೇವರ ಪಟ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಯಾರ ಅಂಗಡಿಯ ಹೆಸರು? ಸಾಹುಕಾರನದೇ!

"ಅಯ್ಯ, ಅದು ಕಸ ಅಲ್ರೀ! ದೇವರ ನಿರ್ಮಾಲ್ಯ. ಕಾಲಾಗ ತುಳೀಬಾರದು ಅಂತ ಮರದ ಬುಡಕ್ಕ ಇಟ್ಟೀನಿ."

ನೋಡಿ, ಅವನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಅವನ ಕಣ್ಣಿಗೆ ಅದು ಕಸವಾಗಿ ಕಂಡಿರಲಿಲ್ಲ. ತನ್ನ ಮನೆಯಿಂದ ಹೊರಟಾಗ ನಿರ್ಮಾಲ್ಯ, ನೀಲವ್ವನ ಗಾಡಿ ಪಕ್ಕ ಕೊಳೆತಾಗ ಕಸ. ಎಂಥ ಭಕ್ತಿ ರೀ ಇದು?

ಹಾಗಾದರೆ ನೀಲವ್ವನ ತಪ್ಪು ಏನೂ ಇರಲಿಲ್ಲವೇ? ಇತ್ತು. ಗಾಡಿ ವರ್ಷ ವರ್ಷ ಮುಂದೆ ಮುಂದೆ ಬಂದು ಫುಟ್‌ಪಾತ್ ನುಂಗಿತ್ತು. ಕೋಲು ಊರಿಕೊಂಡು ಬರುವ ಮುದುಕರು ಬಸ್ಸಿನ ಎದುರು ನಡೆಯಬೇಕಾಗಿತ್ತು. ಸಾಹೇಬರು ಸುಣ್ಣದಲ್ಲಿ ಗೆರೆ ಎಳೆದರು. "ಅವ್ವಾ, ನೀ ಇಲ್ಲೇ ಇರು. ಆದ್ರ ಈ ಗೆರಿ ದಾಟಬ್ಯಾಡ." ಅವಳು ಕಣ್ಣೊರೆಸಿಕೊಂಡು ಆ ಕ್ಷಣವೇ ಗಾಡಿ ಹಿಂದೆ ತಳ್ಳಿದಳು. ಆಮೇಲೆ ಸಾಹುಕಾರನ ಕಡೆ ತಿರುಗಿದಳು.

"ಅಣ್ಣಾರ, ನಾಳಿಂದ ಹಳೀ ಹೂ ಬುಟ್ಟ್ಯಾಗ ತರ್ರಿ, ಅದರಾಗ ಹೊಸಾ ಹೂ ಒಯ್ರಿ. ಹಳೇದು ನಮ್ಮ ಮಲ್ಲಿಗಿ ಬಳ್ಳಿಗೆ ಗೊಬ್ಬರ ಆಗತೈತಿ."

ಮರುದಿನ ಸಾಹುಕಾರ ತಲೆ ತಗ್ಗಿಸಿ ಬುಟ್ಟಿ ಹಿಡಿದು ಬಂದ. ನೀಲವ್ವ ನಗುತ್ತ ಒಂದು ಮೊಳ ಹೆಚ್ಚಿಗೆ ಹಾಕಿದಳು. ಓಣಿಗೆ ಓಣಿಯೇ ಹಗುರಾಯಿತು.

ನಗಬೇಡಿ, ನಗಬೇಡಿ! ಇವತ್ತು ಬೆಳಗ್ಗೆ ನಮ್ಮ ಮಠದ ಅರಳಿಕಟ್ಟೆಗೆ ಹೋಗಿದ್ದೆ. ಅಲ್ಲಿ ನಿರ್ಮಾಲ್ಯ ತುಂಬಿದ ಇಪ್ಪತ್ತಮೂರು ಪ್ಲಾಸ್ಟಿಕ್ ಚೀಲ! ಎರಡು ನನ್ನ ಪೂಜಾಕೋಣೆಯವೇ, ಅದನ್ನೂ ಹೇಳಿಬಿಡುತ್ತೇನೆ. ಗಾಡಿ ಇಟ್ಟವರೇ, ಗೆರೆಯೊಳಗೆ ನಿಲ್ಲಿ. ಕೊಳ್ಳುವವರೇ, ಬುಟ್ಟಿ ಒಯ್ಯಿರಿ, ಗಾಡಿಯ ಹತ್ತಿರ ತಿಂದ ತಟ್ಟೆಯನ್ನು ಕಸದ ಡಬ್ಬಿ ಸಿಗುವತನಕ ಕೈಯಲ್ಲೇ ಹಿಡಿಯಿರಿ. ಇದು ನಾಳೆಯ ಮಾತು. ಇವತ್ತಿನದು ಇವತ್ತೇ ಆಗಲಿ. ಮಂಗಳಾರತಿ ಆಮೇಲೆ. ಏಳಿ, ಎಲ್ಲರೂ ಕಟ್ಟೆಗೆ ಹೋಗೋಣ. ನನ್ನ ಎರಡು ಚೀಲ ನಾನು ಎತ್ತುತ್ತೇನೆ, ನಿಮ್ಮದನ್ನು ನೀವು ಎತ್ತಿಕೊಳ್ಳಿ.