ಪೂನಮಗ ಕ್ಲಿಪ್ ಬೇಕೋ ಬ್ಯಾಡೋ

ಇಲ್ಲ ಅಕ್ಕಾ, ಬ್ಯಾಡ ಅಂದ್ರು. ಎಷ್ಟ ಸಲ ಹೇಳ್ಲಿ ನಿನಗ. ಕ್ಲಿಪ್ಪೂ ಬ್ಯಾಡ, ಗಿಪ್ಪೂ ಬ್ಯಾಡ. ನನ್ನ ಮಗಳ ಹಲ್ಲು ಹೆಂಗ ಅದಾವೋ ಹಂಗ ಇರ್ಲಿ. ನಾಳೆ ಬೆಳದ ಮ್ಯಾಲ ಮುಖಾ ತುಂಬತೈತಿ, ಆಗ ಹಲ್ಲು ತಾವ ಒಳಗ ಹೋದಂಗ ಕಾಣತಾವು... ಅಂದ್ರು. ಹೂಂ, ಡಾಕ್ಟರ ಬಾಯೇರ ಅಂದ್ರು. ಮತ್ಯಾರ ಅಂತಾರ? ವಿಜಯಪುರ ತನಾ ಹೋಗಿ ಹಲ್ಲಿನ ಸಂಗತಿ ಬಾಳೆಹಣ್ಣ ಮಾರಾಂವನ್ನ ಕೇಳಿ ಬಂದೇನಿ ಅಂತ ಮಾಡಿಯೇನು?

ನೀ ಬ್ಯಾಳಿ ಹಸನ ಮಾಡು. ಮರಾ ಯಾಕ ಕೆಳಗಿಟ್ಟಿ? ನಿನ್ನ ಕೈ ನಡೀಲಿ, ನನ್ನ ಬಾಯಿ ನಡೀಲಿ. ಹಂಗ ನನ್ನ ಮುಖಾ ನೋಡಬ್ಯಾಡ. ಸಣ್ಣಾಂವ ಇದ್ದಾಗಿಂದ ಹಿಂಗ ನೋಡಿ ನೋಡೇ ನನ್ನ ಹೆದರಿಸೀದಿ.

ರೊಕ್ಕದ ಮಾತಲ್ಲ ಬಿಡು. ಅದು ಕಾಲೇಜಿನ ದವಾಖಾನಿ, ಕಲಿಯೂ ಹುಡುಗ್ಯಾರ ನೋಡ್ತಾರ, ಹಿಂದ ದೊಡ್ಡ ಬಾಯೇರ ನಿಂತಿರ್ತಾರ, ನಮ್ಮಂಥೋರ ಕಡೆ ಭಾಳೇನ ತಗೋಳೂದಿಲ್ಲ. ರೊಕ್ಕಕ್ಕ ಹೆದರಿ ಸುಳ್ಳ ಹೇಳಾಕತ್ತಾನ ಅಂತ ತಿಳಕೋಬ್ಯಾಡ... ಸುಳ್ಳಲ್ಲ. ಸುಳ್ಳ ಅಂತ ನಾ ಯಾಕಂದೆ? ಮಾತಿಗೆ ಬಂತು.

ಈಗ ನೀನ ಹೇಳು, ನಮ್ಮ ಮನ್ಯಾಗ ಯಾರ ಹಲ್ಲು ಸಾಲಾಗಿ ಅದಾವು? ನಮ್ಮವ್ವ ತಾನ ಅಂತಿದ್ಲು, ಮಳ್ಯಾಗ ನಿಂತ್ರ ನನ್ನ ಗದ್ದ ತೋಯೂದಿಲ್ಲ, ಮ್ಯಾಲ ಹಲ್ಲಿನ ಚಪ್ಪರ ಐತಿ ಅಂತ. ಆಕಿ ಸಂಸಾರ ಮಾಡಲಿಲ್ಲೇನು? ಕಡಕ್ ರೊಟ್ಟಿ ತಿನ್ನಲಿಲ್ಲೇನು? ನಗ್ತಿ ಯಾಕ? ನಗು ನಗು. ನಿನ್ನವೂ ಏನ ಮುತ್ತ ಪೋಣಿಸಿದಂಗ ಇಲ್ಲ.

ಗೊತ್ತೈತಿ. ಸಾಲ್ಯಾಗ ಆಕಿಗೆ ಈಳಗಿ ಅಂತಾರ. ಕೊಬ್ಬರಿ ಹೆರದ ಕೊಡತಿಯೇನಬೇ ಅಂತ ಕಾಡತಾರ. ಅಂದ್ರ ಅನ್ನಲಿ. ನನಗೇನ ಕಡಿಮಿ ಅಂದ್ರೇನು? ನಾ ಐದನೇತ್ತಕ್ಕ ಸಾಲಿ ಬಿಟ್ಟ ಹೊಂಟೆ, ನನಗ್ಯಾರೂ ಏನೂ ಅನ್ನದಂಗ ಆತು... ಹೂಂ, ಅದಕ್ಕ ಹಿಂಗ ಆಗೀದಿ ಅಂತಿ. ಬಾಯಿ ಬಿಡದಿದ್ರೂ ಕೇಳಸ್ತೈತಿ ನನಗ.

ಆಕಿ ವೇಲ ಬಾಯಿಗೆ ಅಡ್ಡ ಹಿಡಕೊಂಡ ಮಾತಾಡೂದ ನಾನೂ ನೋಡೇನಿ. ನಗು ಬಂದ್ರ ಗ್ವಾಡಿ ಕಡೆ ಮುಖಾ ತಿರಗಸ್ತಾಳ, ಅದನ್ನೂ ನೋಡೇನಿ. ಆರ ತಿಂಗಳಿಗೊಮ್ಮೆ ಮನಿಗೆ ಬರಾಂವ ಇರಬಹುದು, ಕಣ್ಣೇನ ಕುರುಡಲ್ಲ.

ಆದ್ರ ಅದನ್ನ ಹಾಕ್ಸೂದಂದ್ರ ಹುಡುಗಾಟಲ್ಲ ಅಕ್ಕಾ. ಎರಡ ವರ್ಷ. ತಿಂಗಳಾ ತಿಂಗಳಾ ಹೋಗಿ ತಂತಿ ಬಿಗಿ ಮಾಡಿಸ್ಕೊಂಡ ಬರಬೇಕು. ನಡುವ ಬಿಟ್ರ ಮೊದಲಿಗಿಂತ ಕೆಡತಾವಂತ. ಕಡಕ್ ರೊಟ್ಟಿ ಬ್ಯಾಡ, ಶೇಂಗಾ ಬ್ಯಾಡ, ಕಬ್ಬು ಬ್ಯಾಡ. ಶೇಂಗಾ ಇಲ್ಲದ ಹುಡುಗಿ ಬದುಕತಾಳೇನು? ಅಳತಿ ತಗೋಳೂವಾಗನ ಎಲ್ಲಾ ಬಿಡಿಸಿ ಹೇಳಿದ್ರು...

ಅಳತಿ ಯಾಕಂದ್ರ... ಸುಮ್ಮನ. ನೋಡಾಕ. ಬ್ಯಾಡ ಅನ್ನಾಕೂ ಅಳತಿ ಬೇಕಲ್ಲ. ತಗಡಿನ ಅಚ್ಚಿನ್ಯಾಗ ಗುಲಾಬಿ ಬಣ್ಣದ ಹಿಟ್ಟ ಕಲಿಸಿ ತುಂಬಿ, ಬಾಯಾಗಿಟ್ಟು, ಅಲಗಾಡಬ್ಯಾಡವ್ವಾ ಅಂದ್ರು...

ಸರಿ. ಸರಿ ಅಂದೆನಲ್ಲ. ಹಂಗ ಕೈ ಕಟ್ಟಿ ಕುಂದರಬ್ಯಾಡ. ಬ್ಯಾಡ ಅನ್ನಲಿಲ್ಲ. ಬೇಕು ಅಂದ್ರು. ಆದ್ರ ಅವಸರಿಲ್ಲ ಅಂದ್ರು, ಹದಿನೈದ ಆಗಲಿ, ಹದಿನಾರ ಆಗಲಿ, ಆಗ ನೋಡೂಣು... ಹೂಂ, ಸಾಲಿಗೆ ಬಂದ ಡಾಕ್ಟರ ಬ್ಯಾರೆ ಹೇಳಿದ್ರು. ಗೊತ್ತೈತಿ ನನಗ. ಅವರ ಮಾತ ಕೇಳೇ ನೀ ನಮ್ಮಿಬ್ಬರನ್ನೂ ವಿಜಯಪುರದ ಬಸ್ಸಿಗೆ ಹತ್ತಿಸಿದಿ.

ಅವರು ಹೇಳಿದ್ದ ಖರೆ. ಇವರೂ ಅದನ್ನ ಹೇಳಿದ್ರು. ಈಗ ಹನ್ನೊಂದು, ಎಲುವು ಇನ್ನೂ ಬೆಳ್ಯಾಕತ್ತೈತಿ, ಕೆಳಗಿನ ದವಡಿ ಹಿಂದ ಉಳದೈತಿ, ಅದನ್ನ ಮುಂದ ತರಾಕ ಇದ ಹೊತ್ತು. ಕೆಳಗಿನ ಹಲ್ಲು ಅಂಗುಳಕ್ಕ ಚುಚ್ಚಿ ಚುಚ್ಚಿ ಗಾಯ ಆಗೈತಂತ. ಆಕಿ ನಿನ್ನ ಮುಂದ ಹೇಳಿದ್ಲೇನು? ನನ್ನ ಮುಂದೂ ಹೇಳಿಲ್ಲ. ದೊಡ್ಡಾಕಿ ಆಗಿ ಎಲುವು ಗಟ್ಟಿ ಆದ್ರ, ಆಮ್ಯಾಲೆ ದವಡಿ ಕೊಯ್ದ ಕೂಡಸಬೇಕಾಗತೈತಿ ಅಂದ್ರು. ಅವರು ಹೇಳಿ ಮುಗಸೂ ಮೊದಲ ನನಗ ತಿಳದಿತ್ತು. ದ್ರಾಕ್ಷಿ ತೋಟದಾಗ ನಾ ಮಾಡೂದೇನ ಮತ್ತ? ಕುಡಿ ಹಸಿ ಇದ್ದಾಗ ತಂತಿಗೆ ಕಟ್ಟಿದ್ರ ನಾವ ಹೇಳಿದ ಕಡೆ ಹೊಳ್ಳತೈತಿ. ಕಟಗಿ ಆದ ಮ್ಯಾಲ ಹೊಳ್ಳಸಾಕ ಹೋದ್ರ ಲಟ್ ಅಂತೈತಿ. ಊರ ಮಂದಿ ತೋಟದಾಗ ಅದನ್ನ ಹೇಳಕೋತ ತಿರಗಾಂವ ನಾ.

ಹಂಗಾರ ಬ್ಯಾಡ ಅಂತ ಯಾಕ ಹೇಳಿದಿ ಅಂತಿ.

ಯಾಕಂದ್ರ ಒಬ್ಬರ ಬೇಕು. ತಿಂಗಳಾ ತಿಂಗಳಾ ಕರಕೊಂಡ ಬರೂ ಒಬ್ಬರ ಬೇಕು. ಇವತ್ತೊಬ್ಬರು ನಾಳೆ ಒಬ್ಬರಲ್ಲ, ಮನ್ಯಾಗ ಒಪ್ಪತ್ತು ತಪ್ಪದ ಆಕಿನ್ನ ನೋಡೂವಂಥೋರು ಬೇಕು ಅಂದ್ರು. ನನ್ನ ತಮ್ಮ ದೇವಾನಂದಗ ಒಂದ ಕಡೆ ಕುಂದ್ರು ಅನ್ನೂದು ಗಾಳಿಗೆ ಕುಂದ್ರು ಅಂದಂಗ, ಇದು ನಿನ್ನದ ಮಾತು. ಹೊನವಾಡದ ತೋಟದಾಗ ಬಳ್ಳಿ ಕತ್ತರಸೂ ಚಾಟಣಿ ಮುಗೀತಂದ್ರ ನಮ್ಮ ಗ್ಯಾಂಗ ಸಾಂಗಲಿ ಕಡೆ ಹೊಂಡತೈತಿ, ಅಲ್ಲಿಂದ ನಾಸಿಕ. ನನ್ನ ಕಾಲು ನನ್ನ ಮಾತ ಕೇಳೂದಿಲ್ಲ. ಅಂಥಾಂವ ಎರಡ ವರ್ಷಕ್ಕ ಹೂಂ ಅಂತ ಹೆಂಗ ಅನ್ನಲಿ?

ನೀ? ಬ್ಯಾಡ ಬ್ಯಾಡ. ನೀ ಹೋಗಬ್ಯಾಡ. ನಿನಗ ಅಂಗನವಾಡಿ ಅಡಿಗಿ ಬಿಟ್ಟ ಹೋಗಾಕ ಆಗೂದಿಲ್ಲ... ರಜಾ ತಗೊಂಡ ಹೋಗ್ತಿ? ತಗೋಬ್ಯಾಡ. ಆ ಬಾಯೇರ ಒಂದೀಟ ಚಲೋ ಇಲ್ಲ. ಬ್ಯಾರೆ ದವಾಖಾನಿ ನೋಡೂಣಂತ. ಸೊಲ್ಲಾಪುರಕ್ಕ ಹೋಗೂಣಂತ. ಅಲ್ಲಿಗ ಮಾತ್ರ ಹೋಗಬ್ಯಾಡ ಅಕ್ಕಾ, ಕೈ ಮುಗೀತೇನಿ.

ಯಾಕಂತ ಕೇಳಬ್ಯಾಡ.

ನೀ ಕೇಳಲೂ ಇಲ್ಲ... ಏನರ ಅನ್ನು. ಒಳಗ್ಯಾಕ ನೋಡ್ತಿ? ಆಕಿ ಮಲಗ್ಯಾಳ. ಬಂದಾಗಿಂದ ಮಾತಾಡಿಲ್ಲಂದ್ರ ಬಾಯಿ ನೊಂದಿರಬೇಕು. ಉಂಡಿಲ್ಲಂದ್ರ... ಬಾಯಿ ನೊಂದಿರಬೇಕು ಅಂದೆನಲ್ಲ.

ಬಾಯಾಗ ಆ ಹಿಟ್ಟಿನ ಅಚ್ಚು ಇತ್ತು ಅಕ್ಕಾ. ಆಕಿಗೆ ಮಾತಾಡಾಕ ಬರೂ ಹಂಗಿರಲಿಲ್ಲ. ಅದಕ್ಕ ನನ್ನ ಕೇಳಿದ್ರು ಅವರು.

ಏನ ದೊಡ್ಡ ಪ್ರಶ್ನಿ ಅಲ್ಲ. ಹುಡುಗಿ ಹೆಬ್ಬಟ್ಟ ಚೀಪತಿತ್ತೇನ್ರಿ, ಯಾವಾಗ ಬಿಡ್ತು ಅಂದ್ರು. ನಾ ಟಾವೆಲ್ಲ ಈ ಹೆಗಲಿಂದ ಆ ಹೆಗಲಿಗೆ ಹಾಕೊಂಡೆ. ನಿದ್ದ್ಯಾಗ ಬಾಯಿ ತಗದ ಉಸರಾಡತಾಳೇನ್ರಿ ಅಂದ್ರು. ಹಾಲಹಲ್ಲು ಎಲ್ಲಾ ಬಿದ್ದಾವೇನ್ರಿ, ಹುಟ್ಟಿದ ತಾರೀಖ ಏನ್ರಿ. ನಾ ಮಳಿಗಾಲದಾಗ ಅಂದೆ. ಕಲಿಯೂ ಹುಡುಗಿ ನಕ್ಕಳು. ಕೆಟ್ಟ ನಗು ಅಲ್ಲ ಅದು, ಹಂಗ ಬಂದಿದ್ದು. ಆಮ್ಯಾಲೆ ದೊಡ್ಡ ಬಾಯೇರ ದನಿ ಸಣ್ಣ ಮಾಡಿ, ಹುಡುಗಿ ಮೈನೆರದಾಳೇನ್ರಿ, ಎಷ್ಟ ಬೆಳಿಯೂದ ಉಳದೈತಿ ಅಂತ ತಿಳಿಯಾಕ ಕೇಳತೇವಿ ಅಂದ್ರು. ಅದೂ ಗೊತ್ತಿಲ್ಲ ನನಗ. ಅವರವ್ವ ಹೋದಾಗ ಮೂರ ವರ್ಷದ ಕೂಸನ್ನ ನಿನ್ನ ಉಡ್ಯಾಗ ಹಾಕಿ ಹೋದಾಂವ, ನನಗೇನ ಗೊತ್ತಿರತೈತಿ?

ಅವರು ಕನ್ನಡಕ ತಗದು, ನೀವ ಹುಡುಗಿಗೆ ಏನಾಗಬೇಕ್ರಿ ಅಂದ್ರು.

ಅಕ್ಕಾ, ಬ್ಯಾಳಿ ಹಸನ ಮಾಡು ನೀ.

...ಸೋದರಮಾವ ಅಂದೆ. ಕನಮಡಿಯಾಗಿನ ಆಕಿ ಖರೇ ಮಾವನ ಹೆಸರ ತಗದು, ರಾಜಾರಾಮ ಅಂತ ನನ್ನ ಹೆಸರು ಅಂದೆ. ಇಕಿ ಅಪ್ಪ ಊರಾಗಿಲ್ರಿ ಅಂದೆ.

ಯಾಕ ಅಂದೆ ಅಂದ್ರ... ಮಾವ ಅಂದ್ರ ಯಾರೂ ಏನೂ ಕೇಳೂದಿಲ್ಲ. ಕಿವಿ ಚುಚ್ಚೂವಾಗ ತೊಡಿ ಕೊಟ್ರ ಮಾವನ ಕೆಲಸ ಮುಗೀತು. ಬಟ್ಟ ಯಾವಾಗ ಬಿಟ್ಲು ಅನ್ನೂದು ಮಾವಗ ಗೊತ್ತಿರಬೇಕಂತ ಇಲ್ಲ. ಒಂದ ಗಳಿಗಿ ಪಾರಾದ್ರ ಸಾಕು ಅನಿಸ್ತು. ಅವರೂ ಹೌದೇನ್ರಿ ಅಂದು ಮೆತ್ತಗಾದ್ರು. ಪಾಪ, ಅಪ್ಪಗ ಜವಾಬ್ದಾರಿ ಇಲ್ಲ, ಮಾವರ ಕರಕೊಂಡ ಬಂದಾರ ಅಂತ ಆ ಕಲಿಯೂ ಹುಡುಗಿಗೆ ಹೇಳಿದ್ರು. ಹೂಂ ಅಂದೆ. ನಾನೂ ಹೂಂ ಅಂದೆ ಅಕ್ಕಾ.

ಪೂನಮ ಕುರ್ಚಿ ಮ್ಯಾಲ ಇದ್ಲು. ಬಾಯಿ ತುಂಬ ಆ ಹಿಟ್ಟು. ಕಣ್ಣ ಅಷ್ಟ ನನ್ನ ಕಡೆ ಹೊಳ್ಳಿದ್ವು. ಅಚ್ಚು ತಗದ ಮ್ಯಾಲರ ಏನರ ಅಂತಾಳ ಅಂತ ದಾರಿ ನೋಡಿದೆ. ಬಾಯಿ ಮುಕ್ಕಳಿಸಿದ್ಲು, ವೇಲ ಅಡ್ಡ ಹಿಡದ್ಲು, ಎದ್ದ ಬಂದ್ಲು.

ಬಸ್ಸಿನ್ಯಾಗ ಕಂಡಕ್ಟರ ಬಂದು, ಯಾರ ಜೋಡಿ ಬಂದಿಯವ್ವಾ ಅಂದ. ಆಕಿ ನನ್ನ ತೋರಿಸಿ, ಮಾಮಾನ ಜೋಡಿ ಅಂದ್ಲು.

ಸಿಟ್ಟಿಲೇ ಅಂದಿದ್ರ ನನಗ ಬರೋಬ್ಬರಿ ಆಗತಿತ್ತು. ಸಿಟ್ಟಿರಲಿಲ್ಲ. ಆ ಮಂದ್ಯಾಗ ದವಾಖಾನಿಯೋರ ಯಾರರ ಇದ್ದಾರು, ನನ್ನ ಸುಳ್ಳು ಬೈಲಿಗೆ ಬಿದ್ದೀತು ಅಂತ ಅಂದ್ಲು. ನನ್ನ ಉಳಸಾಕ ಅಂದ್ಲು ಅಕ್ಕಾ. ಟಿಕೇಟ ತಗೊಂಡ್ರಿ ಮಾಮಾ ಅಂತ ನನಗ ಬಹುವಚನ ಬ್ಯಾರೆ ಹಚ್ಚಿದ್ಲು.

ಬೈ ನನಗ. ಮರಾ ಎತ್ತಿ ತಲಿ ಮ್ಯಾಲ ಹಾಕು.

ಮಂಗಳವಾರ ಅಪ್ಪನ್ನ ಕಳಸ್ರಿ ಅಂದಾರ. ಅಪ್ಪ ಬಂದು ಹೂಂ ಅಂದ್ರ ಅವತ್ತ ಶುರು ಮಾಡತೇವಿ, ತಡಾ ಮಾಡಬ್ಯಾಡ್ರಿ ಅಂದಾರ. ಹೋಗಬೇಕು. ರಾಜಾರಾಮ ಅಂದ ಬಾಯಿಲೆ ನಾನ ಅಪ್ಪರಿ ಅಂದು ನಿಲ್ಲಬೇಕು. ನಿಲ್ತೇನಿ. ನಗಲಿ ಅವರು. ಆದ್ರ ಮತ್ತ ಅದನ್ನ ಕೇಳತಾರ. ನೀ ನನಗ ಹೇಳಿಕೊಡು ಅಕ್ಕಾ, ಸಾಲಿ ಹುಡುಗಗ ಕಲಿಸಿದಂಗ ಕಲಸು, ಬಾಯಿಪಾಠ ಮಾಡತೇನಿ. ಬಟ್ಟ ಯಾವಾಗ ಬಿಟ್ಲು? ನಿದ್ದ್ಯಾಗ ಬಾಯಿ ತಗೀತಾಳೇನು?

ಹೇಳವಲ್ಲಿ. ಎಲ್ಲಾ ಗೊತ್ತಿದ್ದೂ ಹೇಳವಲ್ಲಿ.

ಆಕಿನ್ನ ಕೇಳು ಅಂತಿ? ಅದಕ್ಕ ಒಳಗ ನೋಡಾಕತ್ತಿ?

ಕೇಳತೇನಿ. ಕರೀತೇನಿ, ತಡಿ... ಪೂ... ಆಗವಲ್ದು. ಅಕ್ಕಾ, ಕರದ್ರ ಓ ಅಂತಾಳ ಆಕಿ. ಓ ಅಂದ ಮ್ಯಾಲ ಅಪ್ಪಾ ಅಂತಾಳೋ, ಇಲ್ಲಿ ಮನ್ಯಾಗೂ ಮಾಮಾ ಅಂತಾಳೋ.

ನೀನ ಒಂದ ಸಲ ಕರಿ.