ಬಿಟ್ಟದ್ದು, ತಪ್ಪಿದ್ದಲ್ಲ

ಇಲ್ಲ ಅಂದ್ರೆ ಇಲ್ಲ ಬಸವಂತ! ‘ಅಣ್ಣಾರ, ನಡೀರಿ, ಟಾಸಿಗೆ ಹೊತ್ತಾತು’ ಅಂತ ನಿನ್ನ ಬಾಗಲಕೋಟೆ ರಾಗ ಎಷ್ಟು ಎಳೆದ್ರೂ ಈ ರೋಹಿದಾಸ ಸೋಫಾ ಬಿಟ್ಟು ಏಳುದಿಲ್ಲ. ಸೆಮಿಫೈನಲ್ ಆದ್ರೆ ನನಗೆಂತ? ನಿನ್ನ ಜೊತೆ ಓಪನಿಂಗಿಗೆ ಧನರಾಜನನ್ನು ಇಳಿಸಿ. ಬಾಯಲ್ಲಿ ಅವನೇ ದೊಡ್ಡ ಬ್ಯಾಟ್ಸ್‌ಮನ್ ಅಲ್ವಾ!

ಎಂತ ನಗುದು? ವರ್ಷಕ್ಕೊಮ್ಮೆ ಹೀಗೇ ಹೇಳ್ತೇನೆ ಅಂತಲಾ? ಈ ಸಲ ನಿಜ ಮಾರಾಯ. ಖಲಾಸ್. ನನಗೆ ಹೇಸಿಗೆ ಆಗ್ತದೆ... ಆಟ ಅಂದ್ರೆ ಹೇಸಿಗೆ. ಸಿಮೆಂಟಿನ ಮೇಲೆ ಮ್ಯಾಟು ಹಾಸಿ ಅದನ್ನು ಪಿಚ್ ಅಂತಾರೆ, ಥೂ! ಹಲ್ಲಿನ ಸಂದಿಯಲ್ಲೆಲ್ಲ ಮರಳು. ಯಾರೋ ಬೆವರು ಸುರಿಸಿದ ಹೆಲ್ಮೆಟ್ಟು, ಅದನ್ನು ಮಂಡೆಗೆ ಹಾಕಿದ ಕೂಡಲೇ ವಾಂತಿ ಬರ್ತದೆ. ಅಂಪೈರ್ ಯಾರು? ಅವರ ಕ್ಯಾಪ್ಟನ್ನಿನ ಭಾವ! ಆಚೆ ಟೆಂಟಿನಲ್ಲಿ ನಮ್ಮ ಕಂಪೆನಿಯ ಮ್ಯಾನೇಜರುಗಳು ಬಿರಿಯಾನಿ ತಿಂತಾ, ಎಣ್ಣೆ ಕೈಯಲ್ಲೇ ಚಪ್ಪಾಳೆ ತಟ್ಟುದು... ಛೀ!

ಕೂತ್ಕೊ ಮೊದಲು. ಚಾ ಕುಡಿ. ಪುಷ್ಪಾ ಫ್ಲಾಸ್ಕಿಗೆ ಹಾಕಿಟ್ಟೇ ಹೋಗಿದ್ದಾಳೆ. ಅವಳಿಗೆ ಇವತ್ತೂ ಶರ್ಕ್ ಪೇಟೆಯ ಹೋಟೆಲಲ್ಲಿ ಡ್ಯೂಟಿ. ಶುಕ್ರವಾರ ಊರಿಗೆಲ್ಲ ರಜೆ ಅಂತ ಹೋಟೆಲಿನವರು ಬಿಡ್ತಾರಾ? ಮಗಳು ಅಶ್ಮಿತಾ ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ದಾಳೆ. ಅಯ್ಯೋ, ಚೆಲ್ಲಿತಾ? ಫ್ಲಾಸ್ಕೇ ಹಾಳು, ಬಾಯಿ ಸೊಟ್ಟ. ನೀನು ಲೋಟ ಆಚೆ ಸರಿಸಿದಿ. ಇಲ್ವಾ? ಸರಿ, ಸರಿ, ಬಿಡು.

ಎಂತ? ಹಣೆಯದ್ದಾ? ಕಪಾಟಿನ ಬಾಗಿಲು ಮಾರಾಯ, ಯಾರೋ ತೆರೆದಿಟ್ಟಿದ್ರು. ಹಾಗೆ ನೋಡ್ಬೇಡ. ಹೆಂಡತಿ ಹೊಡೆದದ್ದಲ್ಲ.

ಹೇಳು ಬಸವಂತ, ನಾವು ಯಾರು? ಇಕಾಮಾದಲ್ಲಿ, ಇಲ್ಲಿರ್ಲಿಕ್ಕೆ ಕೊಟ್ಟ ಪರ್ಮಿಟಿನಲ್ಲಿ, ನಾನು ಸ್ಟೋರ್ ಕೀಪರ್. ಸಬ್ಹಾನಿನಲ್ಲಿರುವ ಕಂಪೆನಿಯ ಆ ಗೋದಾಮಿನ ಒಳಗೆ ಎಂತ ಉಂಟು ಅಂತ ದೇವರಾಣೆಗೂ ನನಗೆ ಗೊತ್ತಿಲ್ಲ! ಬ್ಯಾಟು ಬೀಸಿದ್ದಕ್ಕೆ ಸಂಬಳ, ಬ್ಯಾಟು ಬೀಸಿದ್ದಕ್ಕೆ ಈ ಹವಲ್ಲಿಯ ಫ್ಲ್ಯಾಟು. ಇಲ್ಲಿ ಅರಬರು ರೇಸಿನ ಒಂಟೆ ಸಾಕ್ತಾರಲ್ಲ, ಹಾಗೆ. ಓಡುವಷ್ಟು ದಿನ ಖರ್ಜೂರ, ಜೇನು. ಕಾಲು ಕುಂಟಿದ್ರೆ? ರುಡಾಲ್ಫ್ ನೆನಪುಂಟಾ? ನಮ್ಮ ಫಾಸ್ಟ್ ಬೌಲರ್. ಭುಜ ಹೋಯ್ತು ಅಂತ ಅವನಾಗಿಯೇ ಹೋಗಿ ಹೇಳಿದ, ಪಾಪದವ. ಮ್ಯಾನೇಜರ್ ಬೆನ್ನು ತಟ್ಟಿ ‘ಮಾಫಿ ಮುಷ್ಕಿಲ್’ ಅಂದ್ರು, ಏನೂ ತೊಂದರೆ ಇಲ್ಲ ಅಂತ! ಬೇಸಿಗೆ ಬರುವುದರೊಳಗೆ ಅವನ ಸಾಮಾನು ಏರ್‌ಪೋರ್ಟಿನಲ್ಲಿತ್ತು. ಬೀಳ್ಕೊಡ್ಲಿಕ್ಕೆ ಹೋದವರು ಯಾರು? ನೀನು, ನಾನು. ಇಬ್ಬರೇ.

ಮೊದಲು ನಾನು ಹೀಗಿರ್ಲಿಲ್ಲ. ಆಟಕ್ಕಿಂತ ಸತ್ಯ ಬೇರೆ ಇಲ್ಲ ಅಂತ ನಂಬಿದವ. ಬಾಲಿಗೆ ನಿನ್ನ ಜಾತಿ ಗೊತ್ತಿಲ್ಲ, ನಿನ್ನ ಅಪ್ಪನ ಹೆಸರು ಗೊತ್ತಿಲ್ಲ, ಬಂತು, ಹೊಡಿ, ಇಲ್ಲ ಹೋಗು... ಕೊಯ್ಲು ಮುಗಿದ ಗದ್ದೆಯಲ್ಲಿ ಆಡ್ತಿದ್ದಾಗ ಬಾಲು ಬಚ್ಚಂಗಾಯಿಯಷ್ಟು ದೊಡ್ಡದು ಕಾಣ್ತಿತ್ತು! ಅದರ ಹೊಲಿಗೆ ಕೂಡ ತಿರುಗುದು ಕಾಣ್ತಿತ್ತು. ಈಗ... ಈಗ ಎಂತ, ಬಾಲೇ ಸರಿ ಇಲ್ಲ. ಎರಡು ಓವರಿಗೆ ಬಣ್ಣ ಹೋಗ್ತದೆ. ಬೌಲರಿನ ಹಿಂದೆ ಬಿಳಿ ಸೈಟ್ ಸ್ಕ್ರೀನ್ ಇಲ್ಲ, ಲಾರಿ ನಿಲ್ಸಿರ್ತಾರೆ.

ಹೋದ ಶುಕ್ರವಾರದ್ದಾ? ಯಾರು ಹೇಳಿದ್ದು? ಧನರಾಜನಾ? ‘ರೋಹಿದಾಸಣ್ಣ ಬ್ಯಾಟೇ ಎತ್ತಲಿಲ್ಲ, ಕಂಬದ ಹಾಗೆ ನಿಂತ’ ಅಂತಲಾ? ಅದು ಬಿಟ್ಟದ್ದು! ಬೇಕಂತಲೇ ಬಿಟ್ಟದ್ದು, ತಪ್ಪಿದ್ದಲ್ಲ. ಹೊರಗೆ ಹೋಗುವ ಬಾಲು ಮ್ಯಾಟಿನ ಮಡಿಕೆಗೆ ಬಡಿದು ಒಳಗೆ ಬಂತು. ಅದಕ್ಕೆ ನಾನೆಂತ ಮಾಡ್ಲಿ? ಅದರ ಹಿಂದಿನ ಮ್ಯಾಚಿನ ರನೌಟ್ ಬೇರೆ. ನೀನು ಓಡಿ ಬಂದದ್ದು ನಾನು ನೋಡಿಲ್ಲ. ನೋಡಿಲ್ಲ ಅಂದ್ರೆ... ಗಮನ ಇರ್ಲಿಲ್ಲ. ನೀನೂ ಕೂಗ್ಬೇಕಿತ್ತು ಅಲ್ವಾ? ಕೂಗಿದಿಯಾ? ಗಾಳಿ ಇತ್ತು.

ಬಿಡು. ಅದಕ್ಕೇ ಹೇಳುದು, ಹೇಸಿಗೆ ಅಂತ. ನನಗೆ ಬೇಕಾಗಿಲ್ಲ. ಬೇಕಾದ್ರೂ ಬೇಡ! ನಾನಾಗಿಯೇ ಬಿಟ್ಟೆ ಅಂತ ಮ್ಯಾನೇಜರಿಗೆ ಹೇಳು. ಅಂಪೈರಿನ ಮೇಲೆ ಸಿಟ್ಟು ಮಾಡ್ಕೊಂಡಿದ್ದಾನೆ, ಇವತ್ತೊಂದು ದಿನ ಬರುದಿಲ್ಲ ಅನ್ನು. ಸಿಟ್ಟಿನವನಿಗೆ ಬೆಲೆ ಉಂಟು. ಒಂದು ವಾರ ಬಿಟ್ಟು ಅವರೇ ಕರೀತಾರೆ. ಏನಂತಿ?

ಏನಂತಿ ಮಾರಾಯ? ಬಾಯಿಗೆ ಎಂತ ಆಯ್ತು? ಇಷ್ಟು ಹೊತ್ತು ನಗ್ತಿದ್ದವ... ಚಾ ಆರ್ತದೆ. ಕುಡಿ. ಬೇಜಾರಾ? ನಿನ್ನನ್ನು ಒಂಟಿಯಾಗಿ ಬಿಟ್ಟೆ ಅಂತಲಾ? ನಿನ್ನ ಕೈಯಲ್ಲಿ ಆಟ ಉಂಟು ಬಸವಂತ, ನಾನು ಬೇಡ ನಿನಗೆ. ಏ... ಇಲ್ಲಿ ಹೇಳ್ತಾ ಇದ್ದೇನೆ. ಒಂದು ‘ಹೂಂ’ ಆದ್ರೂ...

ಬಸವಂತ?

ಎದ್ದು ಹೋದಿಯಾ? ಬಟ್ಟೆ ತರ್ಲಿಕ್ಕಾ? ಚೆಲ್ಲಿದ್ದು ಇರ್ಲಿ, ನಾನೇ ಒರೆಸ್ತೇನೆ. ಬಸವಂತಾ! ಅಡುಗೆ ಕೋಣೆಯಲ್ಲಿ ಎಂತ...

ಹಾ!

ಇಲ್ಲೇ ಇದ್ದಿಯಾ. ಈ ಕಡೆ... ಎಷ್ಟು ಹೊತ್ತಾಯ್ತು ನೀನು ಈ ಕಡೆ ಬಂದು ನಿಂತು? ಆ ಕೈ ಎಂತದ್ದು? ನನ್ನ ಮುಖದ ಹತ್ತಿರ ಎಷ್ಟು ಹೊತ್ತಿಂದ ಹಿಡ್ಕೊಂಡಿದ್ದಿ? ಇಳಿಸು... ಇಳಿಸು ಅಂದೆ!

ಹಾಗೆ ನೋಡ್ಬೇಡ. ಬೈ. ಬೈದಾದ್ರೂ ಬಿಡು ಮಾರಾಯ...

ರಂಜಾನಿನ ಹೊತ್ತಿಗೆ ಬರೀ ಮಬ್ಬು ಇತ್ತು. ಧೂಳು ಅಂತ ತಿಳ್ಕೊಂಡೆ. ಈಗ ಎಡಗಣ್ಣಿಗೆ ಏನೂ ಇಲ್ಲ. ಡಾಕ್ಟರು ಹೇಳಿದ್ರು, ನರ ಒಣಗಿದೆಯಂತೆ, ತಿರುಗಿ ಬರುದಿಲ್ಲವಂತೆ. ಪುಷ್ಪಾಗೆ ಹೇಳ್ಲಿಲ್ಲ. ಹೇಳಿದ್ರೆ ಅವಳು ಇವತ್ತೇ ಊರಿಗೆ ಹೊರಡು ಅಂತಾಳೆ. ಊರಿಗೆ ಹೋಗಿ ನಾನು ಎಂತ ಮಾಡುದು? ನನಗೆ ಬೇರೆ ಎಂತ ಬರ್ತದೆ ಹೇಳು? ಬರುದು ಒಂದೇ. ಆ ಹೇಸಿಗೆಯೊಂದೇ... ಇಲ್ಲ, ಇಲ್ಲ ಬಸವಂತ. ನನಗೆ ಹೇಸಿಗೆ ಇಲ್ಲ. ಇವತ್ತೂ ಬೆಳಿಗ್ಗೆಯೇ ಎದ್ದು ಪ್ಯಾಡು ಕಟ್ಟಿ ಈ ಕನ್ನಡಿ ಎದುರು ನಿಂತಿದ್ದೆ.

ಏ, ಆ ಕಾರಿನ ಕೀ ಯಾಕೆ ತೆಗೆದಿ? ಅದು ನನ್ನದು. ಅಶ್ಮಿತಾಳನ್ನು ಕ್ಲಾಸಿನಿಂದ ನಾನೇ ಕರಕೊಂಡು ಬರಬೇಕು. ದಿನಾ ನಾನೇ ಬಿಡುದು, ನಾನೇ ತರುದು. ಎಡಗಡೆಯ ಗಾಡಿಯೆಲ್ಲ ಶಬ್ದದಲ್ಲೇ ಗೊತ್ತಾಗ್ತದೆ... ಗೊತ್ತಾಗ್ತದೆ ಮಾರಾಯ! ಕೊಡು. ಮೊನ್ನೆ ಒಂದು ಸಲ ಮಾತ್ರ ಅವಳೇ ‘ಪಪ್ಪಾ, ಸ್ಟಾಪ್!’ ಅಂತ ಕಿರುಚಿದ್ಲು. ಒಂದೇ ಸಲ...

ಸರಿ. ಕಿಸೆಗೆ ಹಾಕ್ಕೊ.

ಟಾಸಿಗೆ ಹೊತ್ತಾಯ್ತು, ನೀನು ಹೋಗು. ಅವಳನ್ನು ಕರಕೊಂಡು ಬರ್ಲಿಕ್ಕೆ ಟ್ಯಾಕ್ಸಿ ಮಾಡ್ತೇನೆ. ಹೋಗುದಿಲ್ವಾ? ಹುಚ್ಚಾ ನಿನಗೆ, ಸೆಮಿಫೈನಲ್... ನಿಲ್ಲು, ನಿಲ್ಲು, ನಾನೂ ಬರ್ತೇನೆ. ಮಗಳು ಒಬ್ಬಳೇ ಕಾಯ್ತಿರ್ತಾಳೆ.

ಆ ಕಡೆ ಅಲ್ಲ ಬಸವಂತ. ಈ ಕಡೆ ಬಾ. ಕಾಣುವ ಕಡೆ ನಡಿ.