ಅವ್ವನ ಕೊನೆಯ ಪಂಕ್ತಿ

ತಾಯಂದಿರೇ, ಅಣ್ಣಂದಿರೇ, ನಮ್ಮ ಕಡೆಯ ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದಾನೆ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಕತ್ತು ತಿರುಗಿಸಿ ಹಿಂದೆ ನೋಡುತ್ತೀರಿ. ಆಮೇಲೆ ಪಾಪ, ಅವನು ಪ್ರವಚನಕ್ಕೇ ಬರುವುದಿಲ್ಲ. ಸಿಮೆಂಟ್ ವ್ಯಾಪಾರ, ಒಂದು ಕಲ್ಯಾಣಮಂಟಪ, ಓಡಾಡಲು ದೊಡ್ಡ ಕಾರು. ಮನುಷ್ಯ ಒಳ್ಳೆಯವನೇ. ಒಂದೇ ಚಟ. ಏನಿದ್ದರೂ ಎಲ್ಲರಿಗಿಂತ ಮೊದಲು ತನಗೂ ತನ್ನವರಿಗೂ ಆಗಬೇಕು. ಗುಡಿಯಲ್ಲಿ ಮೊದಲ ಮಂಗಳಾರತಿ, ಮದುವೆಯಲ್ಲಿ ಮೊದಲ ಪಂಕ್ತಿ. ನಗುತ್ತೀರಾ? ಮುಂದಿನ ಸಾಲಿಗೆ ಸಂಜೆಯೇ ಟವೆಲ್ ಹಾಸಿ ಹೋದವರು ಯಾರು, ನಾನೇ?

ಅವನ ತಾಯಿ ನೀಲಗಂಗವ್ವ. ಗಂಡ ತೀರಿಕೊಂಡ ಮೇಲೆ ಬಸ್‌ಸ್ಟ್ಯಾಂಡಿನ ಎದುರಿಗೆ ಖಾನಾವಳಿ ಇಟ್ಟು, ರೊಟ್ಟಿ ಬಡಿದು ಈ ಮಗನನ್ನು ಬೆಳೆಸಿದವಳು. ವಯಸ್ಸಾಯಿತು, ಮರೆವಿನ ಕಾಯಿಲೆ ಬಂತು. ಗ್ಯಾಸ್ ಹಚ್ಚಿ ಮರೆಯುವಳು. ಬಾಗಿಲು ತೆರೆದಿದ್ದರೆ ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಡುವಳು. ಮಗ, ಸೊಸೆ ಇಬ್ಬರೂ ಕೈಲಾದಷ್ಟು ನೋಡಿಕೊಂಡರು, ಸಾಕಾಗಿ ಹೋಯಿತು. ಕೊನೆಗೆ ಇಂಥ ಹಿರಿಯರನ್ನೇ ನೋಡಿಕೊಳ್ಳುವ ಒಂದು ಆರೈಕೆ ಮನೆಗೆ ಸೇರಿಸಿದರು.

‘ಈಗ ಮಠದ ಅಜ್ಜಾರು ಆ ಮಗನನ್ನು ಜಾಡಿಸುತ್ತಾರೆ’ ಎಂದು ಕಾಯುತ್ತಿದ್ದೀರಿ, ಅಲ್ಲವೇ? ಜಾಡಿಸುವುದಿಲ್ಲ. ಆ ಮನೆಯನ್ನು ನಾನೇ ನೋಡಿ ಬಂದಿದ್ದೇನೆ. ಮುದುಕರ ಮೈ ಕೈ ಸ್ವಚ್ಛ, ಹಾಸಿಗೆ ಸ್ವಚ್ಛ, ಮಾತಾಡಿಸುವವರ ಬಾಯಿಯೂ ಸ್ವಚ್ಛ. ತಪ್ಪು ಸೇರಿಸಿದ್ದರಲ್ಲಿ ಆಗಲಿಲ್ಲ. ಎಲ್ಲಿ ಆಯಿತು, ಕೇಳಿ.

ಸಾಹುಕಾರ ಅಲ್ಲಿಯ ಮೇಲ್ವಿಚಾರಕಿ ಶಶಿರೇಖಾಗೆ ಹೇಳಿದ: “ನೋಡ್ರಿ ಮೇಡಂ, ನಮ್ಮವ್ವಗ ಏನೂ ಕಡಿಮಿ ಆಗಬಾರದು. ಎಲ್ಲಾರಕಿಂತ ಮೊದಲ ಆಕಿ ತಾಟ ಹೋಗಬೇಕು.”

ಹಾಗೇ ಆಯಿತು. ಎಲ್ಲರಿಗಿಂತ ಮೊದಲು ನೀಲಗಂಗವ್ವನ ಮುಂದೆ ಬಿಸಿ ಬಿಸಿ ತಾಟು ಬಂತು. ಅವಳು ಮುಟ್ಟಲಿಲ್ಲ. “ಇನ್ನ ಮಂದಿ ಐತಿ” ಎಂದು ತಾಟು ಸರಿಸಿ, ಬಾಗಿಲ ಕಡೆ ನೋಡುತ್ತ ಕೂತಳು. ಮರುದಿನವೂ ಅದೇ. ಅಡುಗೆ ಬದಲಿಸಿದರು, ಔಷಧ ಬದಲಿಸಿದರು, ತುತ್ತು ಮಾಡಿ ಬಾಯಿಗಿಟ್ಟರು. ಊಹೂಂ! ಕೈಬಳೆ ಮೊಣಕೈಗೆ ಸರಿಯುವಷ್ಟು ಸೊರಗಿದಳು. ಡಾಕ್ಟರು, “ಹೀಗೇ ಆದರೆ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ” ಎಂದರು.

ಮಗ ಪ್ರತಿ ಭಾನುವಾರ ಹಣ್ಣಿನ ಬುಟ್ಟಿ ಹಿಡಿದು ಬರುತ್ತಿದ್ದ. ಬಂದವನದು ಮೊದಲ ಪ್ರಶ್ನೆ ಏನು? “ಅವ್ವಾ, ನಾ ಯಾರು ಹೇಳು ನೋಡೋಣ?” ಪಾಠ ಓದದೆ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಆಕೆ ಗಾಬರಿಯಾಗುವಳು. “ಯಾರೋ ದೊಡ್ಡ ಮಂದಿ ಇದ್ದಂಗ ಅದೀರಿ” ಎನ್ನುವಳು. ಇವನಿಗೆ ಸಿಟ್ಟು. “ಉಣ್ಣ ಅವ್ವಾ” ಎಂದರೆ “ಮಂದಿ ಐತಿ” ಎನ್ನುವಳು. “ಯಾವ ಮಂದಿ? ಖಾನಾವಳಿ ಮುಚ್ಚಿ ಯಾವ ಕಾಲ ಆತು!” ಎಂದು ಇವನು ರೇಗುವನು. ಖಾನಾವಳಿ ಆಗಷ್ಟೇ ಮುಚ್ಚಿತೇನೋ ಎಂಬಂತೆ ಆಕೆಯ ಮುಖ ಬಾಡುತ್ತಿತ್ತು. ಪ್ರತಿ ಸಲವೂ ಇದೇ ಕಥೆ.

ಆ ಮನೆಯಲ್ಲಿ ಈರಸಂಗಪ್ಪ ಅಂತ ಒಬ್ಬ ಮಾಸ್ತರರೂ ಇದ್ದರು. ಅವರ ಮರೆವು ಬೇರೆ ತರಹದ್ದು. ಉಂಡದ್ದನ್ನೇ ಮರೆಯುವರು! ಒಂದು ಭಾನುವಾರ ಮಧ್ಯಾಹ್ನ ಅವರು ತಮ್ಮ ಜಾಗ ಮರೆತು ನೀಲಗಂಗವ್ವನ ಎದುರಿಗೆ ಬಂದು ಕೂತರು. ದೊಡ್ಡ ದನಿಯಲ್ಲಿ ಕೇಳಿದರು: “ಅವ್ವಾರ, ಊಟ ಐತೇನ್ರಿ?”

ನೋಡಿ, ಮುದುಕಿ ಎದ್ದೇಬಿಟ್ಟಳು! ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಐತಿ ಬರ್ರಿ, ಕೂಡ್ರಿ. ಕೈ ತೊಳದೀರೇನು?” ಎಂದು ತನ್ನ ತಾಟನ್ನೇ ಅವರ ಮುಂದಿಟ್ಟಳು. ರೊಟ್ಟಿಯ ಬುಟ್ಟಿ ಕಂಕುಳಿಗೆ ಏರಿತು. ನರ್ಸ್ ತಡೆಯಲು ಹೊರಟಳು. ಶಶಿರೇಖಾ, “ಇರು, ಬಿಡು” ಎಂದು ಅವಳ ಕೈ ಹಿಡಿದಳು. ನೀಲಗಂಗವ್ವ ಒಬ್ಬೊಬ್ಬರ ಮುಂದೆಯೂ ನಿಂತು ಬಡಿಸಿದಳು. “ಪಲ್ಯ ಬಿಟ್ಟರ ನಾಳಿಂದ ನಿಮಗ ಊಟ ಇಲ್ಲ, ಹೇಳೀನಿ!” ಎಂದು ಗದರಿದಳು. ಮಾಸ್ತರರು ಮತ್ತೆ, “ಊಟ ಐತೇನ್ರಿ?” ಎಂದರು. “ಈಗ ಉಂಡ್ರಲ್ಲಾ ಮಾಸ್ತರ! ಅದು ಹೊಟ್ಟ್ಯೋ, ಕಾಳು ತುಂಬೋ ಹಗೇವೋ?” ಮರೆವಿನ ಕಾಯಿಲೆಯವಳಿಗೆ ಅದೊಂದು ಬರೋಬ್ಬರಿ ನೆನಪಿತ್ತು!

ಹಣ್ಣಿನ ಬುಟ್ಟಿ ಹಿಡಿದ ಮಗ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ. ಅವಳ ಕಣ್ಣಿಗೆ ಬಿದ್ದ. “ಏನ್ರಿ, ಹೊಸಬರಾ? ಅಲ್ಯಾಕ ನಿಂತೀರಿ, ಬರ್ರಿ.”

‘ಅವ್ವಾ, ನಾನು ನಿನ್ನ ಮಗ’ ಎಂದು ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡ. ಸಾಲಿನ ಕೊನೆಗೆ ಹೋಗಿ ಕೂತ. ಜನ್ಮದಲ್ಲಿ ಮೊದಲ ಸಲ ಕೊನೆಗೆ! ಅವಳು ರೊಟ್ಟಿ ಹಾಕಿದಳು, ಎಣ್ಣೆಗಾಯಿ ಹಾಕಿದಳು. ಗಿರಾಕಿಗಳ ಜೊತೆ ಮಾತಾಡುತ್ತಿದ್ದ ಹಾಗೇ ಮಾತಿಗೆಳೆದಳು.

“ಮನ್ಯಾಗ ತಾಯಿ ಅದಾಳೇನ್ರಿ?”

“ಅದಾಳ್ರಿ.”

“ಉಂಡಾಳೇನು?”

ಖಾನಾವಳಿಯ ಪರದೆಯ ಹಿಂದೆ, ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಪಾತ್ರೆಯ ತಳ ಬಳಿದು ಉಣ್ಣುತ್ತಿದ್ದ ಅವ್ವ ಅವನಿಗೆ ಈಗ ನೆನಪಾದಳು. ಒಂದು ದಿನವೂ ಮೊದಲು ಉಂಡವಳಲ್ಲ. ಅಂಥವಳ ಮುಂದೆ, ಎಲ್ಲರಿಗಿಂತ ಮೊದಲು ತಾಟು ಇಡಿಸಿದವನು ಇವನೇ!

“ಇನ್ನೂ ಇಲ್ರಿ” ಎಂದ. “ಮಂದೀದೆಲ್ಲಾ ಆದ ಮ್ಯಾಲ ಉಣ್ತಾಳ್ರಿ ಆಕಿ.”

“ಹಂಗಾರ ಲಗೂ ಲಗೂ ಉಣ್ರಿ ಮತ್ತ! ಪಾಪ, ಹಸದಿರ್ತಾಳ.”

ಲಗೂ ಲಗೂ ಉಂಡ. ಕಣ್ಣೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಚೂರೂ ಬಿಡದೆ ಉಂಡ. ನೀಲಗಂಗವ್ವ ಸಾಲಿನ ಉದ್ದಕ್ಕೂ ಕಣ್ಣಾಡಿಸಿ ಕೇಳಿದಳು: “ಎಲ್ಲಾರದೂ ಊಟ ಆತೇನು?” ಎಲ್ಲರೂ, “ಆತ್ರೀ!” ಎಂದರು. ಮಾಸ್ತರರು ಮಾತ್ರ, “ನಂದಿಲ್ಲ!” ಎಂದರು. ಆಕೆ ನಕ್ಕಳು, ಕೈ ತೊಳೆದಳು, ಕೂತಳು. ರೊಟ್ಟಿ ಮುರಿದು ಹೊಟ್ಟೆ ತುಂಬ ಉಂಡಳು. ನಳಿಗೆಯ ಮಾತು ಅಂದಿಗೆ ಮುಗಿಯಿತು.

ಈಗ ನೀವೇ ಹೇಳಿ, ಆ ಮನೆತನದಲ್ಲಿ ಮರೆತವರು ಯಾರು? ತಾಯಿಯೋ, ಮಗನೋ? ಅವಳು ಮಗನ ಮುಖ ಮರೆತಳು. ಅವನು ಅವ್ವನ ಬದುಕನ್ನೇ ಮರೆತಿದ್ದ.

ನಿಮ್ಮ ಮನೆಯಲ್ಲೂ ಇದ್ದಾರೆ, ಅಥವಾ ಅಂಥ ಆರೈಕೆ ಮನೆಯಲ್ಲಿ ಇದ್ದಾರೆ. ನಾಳೆ ಅವರ ಹತ್ತಿರ ಹೋದಾಗ “ನಾ ಯಾರು ಹೇಳು” ಎಂದು ಪರೀಕ್ಷೆ ಮಾಡಬೇಡಿ. ಅವರೇನು ನಿಮ್ಮ ಹತ್ತಿರ ನೌಕರಿ ಕೇಳಿ ಬಂದಿದ್ದಾರೆಯೇ? ನಿಮ್ಮ ಹೆಸರನ್ನು ನೀವೇ ಹೇಳಿ, ಕೆಳಗೆ ಕೂತುಕೊಳ್ಳಿ. ಹೂ ಕಟ್ಟಿ ಬದುಕಿದವಳ ಕೈಗೆ ಹೂ ಕೊಡಿ. ಸೊಪ್ಪು ಸೋಸಿದವಳಿಗೆ, “ಅಮ್ಮಾ, ಇದೊಂದಿಷ್ಟು ಸೋಸಿಕೊಡು” ಎನ್ನಿ. ನೋಡಿಕೊಳ್ಳುವ ದಾದಿಯರಿಗೆ ಔಷಧದ ಹೆಸರು ಹೇಳಿ ಬರುತ್ತೀರಲ್ಲ, ಇವರು ಹೇಗೆ ಬದುಕಿದವರು ಎಂಬುದನ್ನೂ ಹೇಳಿ ಬನ್ನಿ. ಗೊತ್ತಿಲ್ಲದಿದ್ದರೆ, ಅವರಿಗೆ ನೆನಪಿರುವಾಗಲೇ ಇವತ್ತು ರಾತ್ರಿ ಕೇಳಿ ತಿಳಿದುಕೊಳ್ಳಿ.

ಸಾಕು, ಪ್ರಸಾದ ತಯಾರಾಗಿದೆ. ಟವೆಲ್ ಹಾಸಿದವರು ನಿಮ್ಮ ನಿಮ್ಮ ಟವೆಲ್ ತೆಗೆದುಕೊಂಡು ಏಳಿ. ಪಂಕ್ತಿಯ ಕೊನೆಯಲ್ಲಿ ಒಬ್ಬ ಮನುಷ್ಯ ತನ್ನ ತಾಯಿಯ ಕೈ ಹಿಡಿದು ಕೂತಿರುತ್ತಾನೆ. ಅವನ ಗುರುತು ಹಿಡಿಯಲು ಹೋಗಬೇಡಿ. ಆ ತಾಯಿ ಬಂದು ನಿಮ್ಮದು ಊಟ ಆಯಿತೇ ಎಂದು ಕೇಳಿದರೆ, ಬಾಯಿ ತುಂಬ “ಆತ್ರಿ ಅವ್ವಾರ” ಎನ್ನಿ. ಆಮೇಲೆಯೇ ಆಕೆ ಉಣ್ಣುವುದು.